ಬಾಬರನೂ ಜಹಾಂಗೀರನೂ ಬರೆದಿಟ್ಟ ಪಾನವೃತ್ತಾಂತ

ಅರಸರ ಮದ್ಯಪಾನವನ್ನು ಕುರಿತು ಅನ್ಯರು ಬರೆದ ಮಾತುಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಆಸ್ಥಾನದ ಹೊಗಳುಭಟ್ಟರು ಅದನ್ನು ಮುಚ್ಚಿಟ್ಟರು. ಹಗೆಗಳು ಅದನ್ನು ಬೆಳೆಸಿ ಹೇಳಿದರು. ಇವೆರಡರ ನಡುವಿನಿಂದ ಸತ್ಯವನ್ನು ಆರಿಸಿ ತೆಗೆಯುವುದು ಚರಿತ್ರಕಾರನಿಗೆ ಪ್ರಯಾಸದ ಕೆಲಸ. ಆದರೆ ಅರಸನೇ ಲೇಖನಿಯನ್ನು ಹಿಡಿದು, ತಾನು ಯಾವ ಮದ್ಯವನ್ನು ಮೆಚ್ಚಿದೆ, ಎಷ್ಟು ಕುಡಿದೆ, ಅದರಿಂದ ಏನಾಯಿತು ಎಂಬುದನ್ನು ಲೆಕ್ಕದ ಕಡತದಂತೆ ಬರೆದಿಟ್ಟ ಉದಾಹರಣೆಗಳು ಬಹಳ ವಿರಳ. ನಮ್ಮ ದೇಶದ ಇತಿಹಾಸದಲ್ಲಿ ಅಂತಹವು ಎರಡು ಒಂದೇ ಮನೆತನದಲ್ಲಿ ದೊರೆಯುವುವು. ಒಂದು, ಮೊಗಲ ರಾಜ್ಯದ ಸ್ಥಾಪಕನಾದ ಬಾಬರನು ಚಗತಾಯಿ ತುರ್ಕೀ ಭಾಷೆಯಲ್ಲಿ ಬರೆದ ಆತ್ಮವೃತ್ತ. ಇನ್ನೊಂದು, ಅವನ ಮರಿಮಗನಾದ ಜಹಾಂಗೀರನು ಪಾರಸೀ ಭಾಷೆಯಲ್ಲಿ ಬರೆದ ‘ತುಝುಕ್’.

ಈ ಎರಡು ಗ್ರಂಥಗಳನ್ನು ಒಟ್ಟಿಗಿಟ್ಟು ಓದಿದವರಿಗೆ ಒಂದು ಪ್ರಶ್ನೆ ಏಳದೆ ಇರದು. ಕೀಳು ಸರಕನ್ನು ಕುಡಿದು ಕೆಡುವವನು ಬೇರೆ, ರುಚಿಯನ್ನರಿತು ಒಳ್ಳೆಯದನ್ನು ಆರಿಸಿ ಕುಡಿಯುವವನು ಬೇರೆ ಎಂಬ ಮಾತು ಸುಶಿಕ್ಷಿತರ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅಭಿರುಚಿಯುಳ್ಳವನಿಗೆ ಮಿತಿಯೂ ತಾನಾಗಿ ಬರುವುದೆಂಬುದು ಆ ಮಾತಿನ ಭಾವ. ಈ ನಂಬಿಕೆ ಎಷ್ಟರಮಟ್ಟಿಗೆ ನಿಲ್ಲುವುದು? ಬಾಬರನಿಗಿಂತ ಚೆನ್ನಾಗಿ ಮದ್ಯದ ಗುಣವನ್ನರಿತವರೂ ಜಹಾಂಗೀರನಿಗಿಂತ ನಿಷ್ಕೃಷ್ಟವಾಗಿ ಅದರ ಅಳತೆಯನ್ನಿಟ್ಟವರೂ ಅಪರೂಪವಾದುದರಿಂದ, ಇದಕ್ಕೆ ಉತ್ತರವನ್ನು ಅವರ ಬಾಯಿಂದಲೇ ಕೇಳುವುದು ಉಚಿತವೆಂದು ತೋರುತ್ತದೆ.

ಬಾಬರನು ೧೪೮೩ರಲ್ಲಿ ಮಧ್ಯ ಏಷಿಯದ ಫರ್ಗಾನಾ ಸೀಮೆಯಲ್ಲಿ ಜನಿಸಿದನು. ತಂದೆ ಉಮರ್ ಶೇಖ್ ಮಿರ್ಜಾ ಪಾನಪ್ರಿಯನಾಗಿದ್ದು, ಕೆಲವು ಸಲ ಹುಡುಗನಿಗೂ ಮದ್ಯವನ್ನು ಕೊಡಹೋಗುತ್ತಿದ್ದನು. ಹುಡುಗನು ಏನಾದರೊಂದು ನೆವವನ್ನು ಹೇಳಿ ತಪ್ಪಿಸಿಕೊಳ್ಳುತ್ತಿದ್ದನು. ೧೪೯೪ರಲ್ಲಿ ಪಾರಿವಾಳಗಳ ಗೂಡು ಕುಸಿದು ಕಂದರಕ್ಕೆ ಬಿದ್ದು ತಂದೆ ಮೃತನಾದ ಮೇಲೆ, ಖ್ವಾಜಾ ಕಾಜಿಯೆಂಬ ಧರ್ಮನಿಷ್ಠನ ಪ್ರಭಾವದಿಂದ ಬಾಬರನು ಇನ್ನೂ ನಿಯಮಶೀಲನಾದನು. ಮುಂದೆ ಯೌವನದಲ್ಲಿ ಆಸೆ ಹುಟ್ಟಿತೇನೋ ನಿಜ. ಆದರೆ ಆಗ ಕುಡಿಯೆಂದು ಒತ್ತಾಯಪಡಿಸುವವರು ಯಾರೂ ಇರಲಿಲ್ಲ. ಅವನಿಗೆ ಅಂತಹ ಆಸೆಯಿದೆಯೆಂದು ಬಲ್ಲವರೂ ಇರಲಿಲ್ಲ. ಅದುವರೆಗೆ ಮಾಡದ ಕೆಲಸವನ್ನು ತಾನೇ ಮುಂದಾಗಿ ಮಾಡಲು ಅವನಿಗೆ ಸಂಕೋಚವಾಗುತ್ತಿತ್ತು. ತನ್ನ ನಿರ್ಮಲತೆಗೆ ಸಂಕೋಚವೂ ಒಂದು ಕಾರಣವಾಗಿತ್ತೆಂದು ಒಪ್ಪಿಕೊಳ್ಳುವ ಅರಸನ ಮಾತನ್ನು ನಾವು ನಂಬಬಹುದು.

ಆ ಸಂಕೋಚಕ್ಕೆ ನಿಜವಾದ ಪರೀಕ್ಷೆ ಬಂದುದು ೧೫೦೬ರಲ್ಲಿ, ಹೆರಾತ್ ನಗರದಲ್ಲಿ. ಆಗ ಹೆರಾತ್ ಕಾವ್ಯ, ಸಂಗೀತ, ಚಿತ್ರಕಲೆಗಳ ತೌರುಮನೆಯಾಗಿತ್ತು. ಅಲ್ಲಿ ಆಳುತ್ತಿದ್ದ ಬದೀಉಜ್ಜಮಾನ್ ಮತ್ತು ಮುಜಫ್ಫರ್ ಎಂಬ ಸೋದರರು ಬಾಬರನ ಬಂಧುಗಳು. ಹಿರಿಯನ ಔತಣದಲ್ಲಿ ಬಾಬರನು ಕುಡಿಯುವವನಲ್ಲವೆಂದು ತಿಳಿದು ಯಾರೂ ಒತ್ತಾಯಿಸಲಿಲ್ಲ. ಕಿರಿಯನ ಔತಣದಲ್ಲಿ ಮಾತ್ರ ಅವನಿಗೆ ಕುಡಿಸಬೇಕೆಂಬ ಸಂಕಲ್ಪ ನಡೆದಿತ್ತು. ಅವನ ಮನಸ್ಸೂ ಒಲಿದಿತ್ತು. ಭೋಗಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಸಿದ್ಧವಾಗಿರುವ ಈ ನಗರದಲ್ಲಿ ಕುಡಿಯದಿದ್ದರೆ ಇನ್ನೆಲ್ಲಿ ಕುಡಿಯುವುದು ಎಂದು ಅವನು ಯೋಚಿಸಿದನು. ಅಷ್ಟರಲ್ಲಿ ಅವನಿಗೊಂದು ಶಂಕೆ ಹುಟ್ಟಿತು: ಅಣ್ಣನ ಕೈಯಿಂದ ತೆಗೆದುಕೊಳ್ಳದೆ ಇದ್ದುದನ್ನು ತಮ್ಮನ ಕೈಯಿಂದ ತೆಗೆದುಕೊಂಡರೆ ಅಣ್ಣನು ಏನೆಂದುಕೊಂಡಾನು? ಈ ಸಂಕಟವನ್ನು ಅವನು ಬಾಯಿಬಿಟ್ಟು ಹೇಳಿದನು. ಸಭೆಯವರು ಅದು ಯುಕ್ತವೆಂದು ಒಪ್ಪಿದರು. ಸೋದರರಿಬ್ಬರೂ ಕೂಡಿರುವಾಗ ಇಬ್ಬರ ಒತ್ತಾಯದಿಂದಲೂ ಕುಡಿಯಬಹುದೆಂದು ನಿಶ್ಚಯವಾಯಿತು. ಧರ್ಮಶಾಸ್ತ್ರವಲ್ಲ, ಸಭಾಮರ್ಯಾದೆಯೇ ಆ ದಿನ ಅವನನ್ನು ಕಾಪಾಡಿತು.

ಇದಾದ ಕೆಲವು ಕಾಲಕ್ಕೆ ಗ್ರಂಥವು ತುಂಡಾಗುವುದು. ೧೫೦೮ರಿಂದ ೧೫೧೯ರ ಆರಂಭದವರೆಗಿನ ಭಾಗವು ನಮಗೆ ದೊರೆತಿಲ್ಲ. ೧೫೧೯ರಲ್ಲಿ ಕಥೆ ಮತ್ತೆ ಪ್ರಾರಂಭವಾಗುವಾಗ ಬಾಬರನು ಕಾಬುಲಿನ ಅರಸನೂ ನುರಿತ ಪಾನಿಯೂ ಆಗಿರುವನು. ಮೊದಲ ಬಟ್ಟಲನ್ನು ಯಾರ ಕೈಯಿಂದ, ಯಾವ ದಿನ ತೆಗೆದುಕೊಂಡನೆಂಬ ಸಂಗತಿಯು ಆ ಬಿಟ್ಟುಹೋದ ಪತ್ರಗಳಲ್ಲಿಯೇ ಅಡಗಿಹೋಗಿದೆ.

ಕಾಬುಲಿನ ವರ್ಣನೆಯಲ್ಲಿ ಅವನ ಅಭಿರುಚಿಯ ಸೂಕ್ಷ್ಮತೆಯು ಚೆನ್ನಾಗಿ ವ್ಯಕ್ತವಾಗುವುದು. ಒಂದೊಂದು ಕಣಿವೆಯ ಹಣ್ಣುಗಳನ್ನು, ಹಕ್ಕಿಗಳನ್ನು, ಗಾಳಿಯನ್ನು ಹೆಸರಿಸುವಂತೆಯೇ ಅದರ ದ್ರಾಕ್ಷಾಮದ್ಯವನ್ನೂ ಅವನು ಹೆಸರಿಸುವನು. ಕಾಬುಲಿನ ಮದ್ಯಗಳು ತಲೆಗೇರುವಂತಹವು. ಅವುಗಳಲ್ಲಿ ಖ್ವಾಜಾ ಖಾವಂದ್ ಸಯೀದ್ ಎಂಬ ಗುಡ್ಡದ ತಪ್ಪಲಿನದು ಸತ್ತ್ವಕ್ಕೆ ಪ್ರಸಿದ್ಧವಾದುದು. ದರಾ-ಇ-ನೂರ್ ಕಣಿವೆಯಲ್ಲಿ ಎರಡು ಬಗೆ: ‘ಅರಾತಾಶಿ’ಯೆಂಬುದು ಹಳದಿ ಛಾಯೆಯದು, ‘ಸೋಹಾನ್‌ತಾಶಿ’ಯೆಂಬುದು ಸೊಗಸಾದ ಕೆಂಪು. ನೋಟಕ್ಕೆ ಕೆಂಪು ಚೆಲುವಾಗಿದ್ದರೂ ಕುಡಿಯಲು ಹಳದಿಯದೇ ಮೇಲೆಂದೂ, ಎರಡೂ ತಮ್ಮ ಕೀರ್ತಿಯಷ್ಟು ದೊಡ್ಡವಲ್ಲವೆಂದೂ ಅವನ ತೀರ್ಪು. ನೆರೆಯ ಕಾಫಿರರ ಬೆಟ್ಟಸೀಮೆಯಲ್ಲಿ ಪ್ರತಿಯೊಬ್ಬನ ಕೊರಳಲ್ಲಿಯೂ ಮದ್ಯದ ತೊಗಲಚೀಲ ತೂಗುತ್ತಿರುವುದೆಂದೂ ಅವರು ನೀರಿಗೆ ಬದಲಾಗಿ ಮದ್ಯವನ್ನೇ ಕುಡಿಯುವರೆಂದೂ ಬರೆದಿರುವನು. ಹೆಸರಿಗೆ ಮರುಳಾಗದೆ, ಬಣ್ಣಕ್ಕೆ ಮೋಸಹೋಗದೆ, ನಾಲಗೆಯಿಂದಲೇ ಬೆಲೆಕಟ್ಟುವ ರಸಿಕನ ಲಕ್ಷಣವಿದು. ಇಂತಹವನಿಗೆ ಮಿತಿಯು ಸಹಜವಾಗಿ ಬಂದಿರಬೇಕಲ್ಲವೇ?

ಬರಲಿಲ್ಲವೆಂಬುದಕ್ಕೆ ಅದೇ ೧೫೧೯ರ ದಿನಚರಿಯು ಸಾಕ್ಷಿ. ಭೇರಾ ಪಟ್ಟಣದ ಬಳಿಯಲ್ಲಿ, ಝೇಲಂ ನದಿಯ ಮೇಲೆ, ದೋಣಿಯಲ್ಲಿ ಒಂದು ಪಾನಗೋಷ್ಠಿ ನಡೆಯಿತು. ಕೆಲವರು ಬಟ್ಟಿಯಿಳಿಸಿದ ಅರಕನ್ನು ಕುಡಿಯುತ್ತಿದ್ದರು. ಕೆಲವರು ಮಾಜೂಮನ್ನು ತಿನ್ನುತ್ತಿದ್ದರು. ಮಾಜೂಮಿನವರ ಗೋಷ್ಠಿಗೂ ಮದ್ಯದವರ ಗೋಷ್ಠಿಗೂ ಎಂದೂ ಹೊಂದಿಕೆಯಾಗದೆಂಬುದು ಅಂದು ಬಾಬರನು ಕಂಡುಕೊಂಡ ಮೊದಲನೆಯ ಪಾಠ; ಹರಟೆ ಕೂಗಾಟಗಳು ಹೆಚ್ಚಿ ಗೋಷ್ಠಿಯು ಕೆಟ್ಟುಹೋಯಿತು. ಇನ್ನೊಂದು ಸಂಜೆ, ಅದೇ ದಂಡಯಾತ್ರೆಯಲ್ಲಿ, ಅವನು ಕುಡಿದ ಅಮಲಿನಲ್ಲಿ ಕುದುರೆಯನ್ನೇರಿ, ಕೈಯಲ್ಲಿ ದೀವಟಿಗೆಯನ್ನು ಹಿಡಿದು, ಲಗಾಮನ್ನು ಸಡಿಲಬಿಟ್ಟು, ಹೊಳೆಯ ದಂಡೆಯುದ್ದಕ್ಕೂ ಓಡಿಸಿಕೊಂಡು ಬೀಡಿಗೆ ಬಂದನು. ಬಂದವನು ವಾಂತಿಮಾಡಿದನು. ಮರುದಿನ ಜೊತೆಯವರು ಹೇಳಿದಾಗ ಅವನಿಗೆ ಒಂದೂ ನೆನಪಿರಲಿಲ್ಲ. ಇಷ್ಟನ್ನೂ ಅವನು ತಾನೇ ಬರೆದಿರುವನು. ಹಳದಿಗೂ ಕೆಂಪಿಗೂ ಭೇದವನ್ನು ಕಂಡ ನಾಲಗೆಯು ಆ ಸಂಜೆ ಯಾವ ಸಹಾಯಕ್ಕೂ ಬರಲಿಲ್ಲ.

ಆದರೂ ಬಿಡಬೇಕೆಂಬ ಯೋಚನೆ ಅವನಲ್ಲಿ ಇದ್ದೇ ಇತ್ತು. ನಲವತ್ತು ತುಂಬಿದ ದಿನ ಮದ್ಯವನ್ನು ತ್ಯಜಿಸುವೆನೆಂದು ಅವನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದನು. ನಲವತ್ತಕ್ಕೆ ಒಂದು ವರ್ಷಕ್ಕಿಂತ ಕಡಿಮೆ ಉಳಿದಾಗ, ಕಾಲಾವಕಾಶವು ಸ್ವಲ್ಪವೇ ಇರುವುದೆಂಬ ಕಾರಣದಿಂದ ಇನ್ನಷ್ಟು ಹೆಚ್ಚಾಗಿ ಕುಡಿದನೆಂದು ಹೇಳಿಕೊಂಡಿರುವನು. ನಾಳೆಯ ಪ್ರತಿಜ್ಞೆಯು ಇಂದಿನ ಬಟ್ಟಲಿಗೆ ರಹದಾರಿಯಾಗುವ ಈ ರೀತಿಯನ್ನು ನಮ್ಮಲ್ಲಿ ಅನೇಕರು ತಮ್ಮ ಸುತ್ತಮುತ್ತ ಕಂಡಿರಬಹುದು. ನಲವತ್ತು ಬಂದಿತು, ಹೋಯಿತು, ಮದ್ಯವು ಹೋಗಲಿಲ್ಲ.

೧೫೨೬ರಲ್ಲಿ ಪಾಣಿಪತ್ತದ ಯುದ್ಧವನ್ನು ಗೆದ್ದು ಆಗ್ರಾದಲ್ಲಿ ನೆಲೆನಿಂತ ಮೇಲೆ ಬಾಬರನು ಈ ದೇಶದ ಮದ್ಯಗಳನ್ನೂ ಪರೀಕ್ಷಿಸಿದನು. ಇಪ್ಪೆಯ ಹೂವಿನಿಂದ ಅರಕನ್ನು ಇಳಿಸುವ ಪದ್ಧತಿಯನ್ನೂ, ತಾಳೆಮರಕ್ಕೆ ಗಡಿಗೆ ಕಟ್ಟಿ ರಸವನ್ನು ತೆಗೆಯುವ ಕ್ರಮವನ್ನೂ ವಿವರವಾಗಿ ಬರೆದನು. ಬಾರಿಯ ಕಡೆಗೆ ಸಂಚಾರಹೋದಾಗ, ಚಂಬಲ್ ನದಿಯ ಬಳಿಯ ಒಂದು ತಗ್ಗಿನಲ್ಲಿ ಈಚಲ ಹೆಂಡವನ್ನು ಇಳಿಸುತ್ತಿದ್ದವರು ಕಂಡರು. ಅರಸನೂ ಪರಿವಾರದವರೂ ಸಾಕಷ್ಟು ಕುಡಿದು ನೋಡಿದರು, ಉಲ್ಲಾಸವೇನೂ ಬರಲಿಲ್ಲ, ಕೊಂಚ ಅಮಲಿಗೂ ಬಹಳ ಕುಡಿಯಬೇಕಾದೀತೆಂದು ಅವನು ಅದನ್ನು ತಳ್ಳಿಹಾಕಿದನು. ಅವನ ಮನಸ್ಸೆಲ್ಲವೂ ಕಾಬುಲ್ ಗಜನಿಗಳ ದ್ರಾಕ್ಷಿಯ ಮೇಲಿತ್ತು. ಅದನ್ನು ತರಲು ಬಾಬಾ ದೋಸ್ತನೆಂಬ ಪರಿಚಾರಕನನ್ನು ಕಾಬುಲಿಗೆ ಕಳುಹಿಸಿದ್ದನು.

೧೫೨೭ರ ಫೆಬ್ರುವರಿಯಲ್ಲಿ ಬಾಬಾ ದೋಸ್ತನು ಮೂರು ಸಾಲು ಒಂಟೆಗಳ ಮೇಲೆ ಉತ್ತಮವಾದ ಗಜನಿಯ ಮದ್ಯವನ್ನು ಹೇರಿಕೊಂಡು ದಂಡಿನ ಬೀಡಿಗೆ ಬಂದನು. ಅದೇ ಸಮಯಕ್ಕೆ ಮೇವಾಡದ ರಾಣಾ ಸಂಗನು ದೊಡ್ಡ ಸೈನ್ಯದೊಡನೆ ಎದುರಾಗಿ ಬರುತ್ತಿದ್ದನು. ಬಾಬರನ ಮುಂಚೂಣಿಯವರು ಸೋತು ಹಿಂದಿರುಗಿದ್ದರು. ಗ್ರಹಗತಿಯು ಪ್ರತಿಕೂಲವಾಗಿದೆಯೆಂದು ಒಬ್ಬ ಜ್ಯೋತಿಷಿಯು ಸಾರುತ್ತಿದ್ದನು. ಸರದಾರರ ಬಾಯಲ್ಲಿ ಧೈರ್ಯದ ಮಾತೇ ಇರಲಿಲ್ಲ. ಫೆಬ್ರುವರಿ ೨೫ರಂದು ಸಿಕ್ರಿಯ ಸಮೀಪದಲ್ಲಿ ಬಾಬರನು ಎಲ್ಲರ ಎದುರಿಗೆ ಮದ್ಯತ್ಯಾಗದ ಪ್ರತಿಜ್ಞೆಯನ್ನು ಮಾಡಿದನು. ಬೆಳ್ಳಿಬಂಗಾರದ ಪಾನಪಾತ್ರೆಗಳನ್ನು ಒಡೆಯಿಸಿ ಬಡವರಿಗೆ ಹಂಚಿಸಿದನು. ಇದ್ದ ಮದ್ಯವನ್ನು ನೆಲಕ್ಕೆ ಸುರಿಸಿದನು. ಬಾಬಾ ದೋಸ್ತನು ತಂದ ಹೊಸ ಸರಕಿಗೆ ಉಪ್ಪು ಹಾಕಿಸಿ ಹುಳಿಯಾಗಲು ಬಿಡಿಸಿದನು. ಮೊದಲು ಅವನನ್ನನುಸರಿಸಿದವನು ಅಸಸ್ ಎಂಬವನು. ಆ ರಾತ್ರಿಯೂ ಮರುದಿನವೂ ಸೇರಿ ಸುಮಾರು ೩೦೦ ಮಂದಿ ಅದೇ ಪ್ರತಿಜ್ಞೆಯನ್ನು ಕೈಕೊಂಡರು. ಮದ್ಯವನ್ನು ಸುರಿದ ಸ್ಥಳದಲ್ಲಿ ಒಂದು ಬಾವಿಯನ್ನು ತೋಡಿಸಿ, ಪಕ್ಕದಲ್ಲಿ ಧರ್ಮಛತ್ರವನ್ನು ಕಟ್ಟಿಸಬೇಕೆಂದು ಆಜ್ಞೆಯಾಯಿತು. ೧೫೨೮ರಲ್ಲಿ ಆ ದಾರಿಯಾಗಿ ಬಂದಾಗ ಬಾವಿಯು ಸಿದ್ಧವಾಗಿದ್ದುದನ್ನು ಅವನು ಕಂಡನು. ಪ್ರತಿಜ್ಞೆಯಾದ ಮುಂದಿನ ತಿಂಗಳಲ್ಲಿಯೇ ಖಾನ್ವಾ ಎಂಬಲ್ಲಿ ಯುದ್ಧ ನಡೆದು ಅವನಿಗೆ ಜಯವಾಯಿತು.

ಬಿಡುವುದಕ್ಕೆ ಹತ್ತಿರದ ಕಾರಣವು ರಾಜಕೀಯವೆಂಬುದರಲ್ಲಿ ಸಂಶಯವಿಲ್ಲ. ಎದೆಗುಂದಿದ ಸೈನ್ಯಕ್ಕೆ ಧರ್ಮೋತ್ಸಾಹವನ್ನು ತುಂಬುವುದು ಅವನಿಗೆ ಅಗತ್ಯವಾಗಿತ್ತು. ಆದರೆ ಯುದ್ಧವು ತೀರಿದ ಮೇಲೆಯೂ ಪ್ರತಿಜ್ಞೆಯು ಉಳಿಯಿತು. ಅದು ಎಷ್ಟು ಕಷ್ಟದಿಂದ ಉಳಿಯಿತೆಂಬುದನ್ನೂ ಅವನು ಬಚ್ಚಿಡಲಿಲ್ಲ. ಜನರು ಪಶ್ಚಾತ್ತಾಪಪಟ್ಟು ಬಿಡುವರು, ತಾನಾದರೋ ಬಿಟ್ಟು ಪಶ್ಚಾತ್ತಾಪಪಡುತ್ತಿರುವೆನೆಂಬ ಭಾವದ ಒಂದು ಪದ್ಯವನ್ನೂ ಕಟ್ಟಿದನು. ೧೫೨೯ರ ಫೆಬ್ರುವರಿಯಲ್ಲಿ ಕಾಬುಲಿನಲ್ಲಿದ್ದ ಹಳೆಯ ಗೆಳೆಯ ಖ್ವಾಜಾ ಕಲಾನನಿಗೆ ಬರೆದ ಪತ್ರದಲ್ಲಿ, ಹಿಂದಿನ ಎರಡು ವರ್ಷ ಮದ್ಯದ ಹಂಬಲವು ತನ್ನನ್ನು ಕಣ್ಣೀರಿನ ಅಂಚಿಗೆ ತಂದಿತ್ತೆಂದೂ, ಆ ವರ್ಷ ದೇವರ ದಯದಿಂದ ಅದು ಕಳೆದುಹೋಯಿತೆಂದೂ ತಿಳಿಸಿದನು. ನೀನೂ ಬಿಡು ಎಂದು ಗೆಳೆಯನಿಗೆ ಉಪದೇಶಿಸುವಾಗ ಅವನು ನರಕದ ಭಯವನ್ನು ತೋರಿಸಲಿಲ್ಲ. ಸಮಾನರಾದ ಸ್ನೇಹಿತರಿದ್ದರೆ ಪಾನವು ಸುಖವೇ ಸರಿ, ಈಗ ನಿನಗೆ ಉಳಿದಿರುವ ಜೊತೆಗಾರರನ್ನು ನೋಡಿದರೆ ಬಿಡುವುದು ಕಷ್ಟವಾಗಲಾರದು ಎಂಬರ್ಥದಲ್ಲಿ ವಿನೋದವಾಗಿ ಬರೆದನು. ಆದರೆ ಅವನು ಪೂರ್ಣ ವಿರಕ್ತನಾದನೆಂದು ಭಾವಿಸಬಾರದು. ೧೫೨೮ರ ಗ್ವಾಲೇರ ಸಂಚಾರದಲ್ಲಿ ಕಿವಿನೋವಿಗೆಂದೂ, ಜೊತೆಗೆ ಬೆಳ್ದಿಂಗಳು ಚೆನ್ನಾಗಿದ್ದಿತೆಂದೂ ಅಫೀಮನ್ನು ತಿಂದು, ಮರುದಿನ ಅದರ ಬಾಧೆಯನ್ನು ಅನುಭವಿಸಿದುದಾಗಿ ಬರೆದಿರುವನು. ಮದ್ಯವನ್ನು ಮಾತ್ರ ಅವನು ೧೫೩೦ರಲ್ಲಿ ಆಗ್ರಾದಲ್ಲಿ ಸಾಯುವವರೆಗೆ ಮುಟ್ಟಿದಂತೆ ಕಾಣುವುದಿಲ್ಲ. ಕಾಬುಲಿನ ಸತ್ತ್ವಯುತವಾದ ಮದ್ಯವನ್ನು ಹೊಗಳಿದ ಸ್ಥಳದಲ್ಲಿಯೇ, ಈಗ ತಾನು ಇತರರ ಹೊಗಳಿಕೆಯನ್ನು ಮಾತ್ರ ಹೇಳಬಲ್ಲೆನೆಂದು ಸೇರಿಸಿರುವನು. ಅಭಿರುಚಿಯು ಇದ್ದಂತೆಯೇ ಇದ್ದಿತು. ಬಟ್ಟಲು ಮಾತ್ರ ಇರಲಿಲ್ಲ.

ಈ ಆತ್ಮವೃತ್ತವನ್ನು ಅಬ್ದುರ್ರಹೀಮ್ ಖಾನ್‌ಖಾನಾನನು ಪಾರಸಿಗೆ ಪರಿವರ್ತಿಸಿ ೧೫೮೯ರಲ್ಲಿ ಅಕಬರನಿಗೆ ಒಪ್ಪಿಸಿದನು. ಅಂದಿನಿಂದ ಅದು ರಾಜಗೃಹದಲ್ಲಿ ಎಲ್ಲರೂ ಓದಬಹುದಾದ ಗ್ರಂಥವಾಯಿತು. ಅಕಬರನ ಮೂವರು ಮಕ್ಕಳಿಗೂ ಆ ಪಾಠವು ಕೈಯಳತೆಯಲ್ಲಿಯೇ ಇದ್ದಿತು. ಆದರೆ ಮುರಾದನು ೧೫೯೯ರಲ್ಲಿ ದಕ್ಷಿಣದ ದಂಡಯಾತ್ರೆಯಲ್ಲಿ ಅತಿಪಾನದಿಂದ ಸತ್ತನು. ದಾನಿಯಾಲನ ಮರಣವು ಇನ್ನೂ ಶೋಚನೀಯವಾದುದು. ಅದಕ್ಕೂ ನಮ್ಮ ವಿಜಾಪುರಕ್ಕೂ ಸಂಬಂಧವುಂಟು.

ಜಗದ್ಗುರುವೆಂದು ಹೆಸರಾದ ವಿಜಾಪುರದ ಇಬ್ರಾಹೀಮ ಆದಿಲಶಹನು ತನ್ನ ಮಗಳನ್ನು ೧೬೦೪ರಲ್ಲಿ ಗೋದಾವರೀ ತೀರದ ಪೈಠಣದಲ್ಲಿ ದಾನಿಯಾಲನಿಗೆ ವಿವಾಹಮಾಡಿ ಕೊಟ್ಟನು. ವಿಜಾಪುರದ ಆಶ್ರಯದಲ್ಲಿದ್ದ ಚರಿತ್ರಕಾರ ಫಿರಿಶ್ತಾನು ಆ ದಿಬ್ಬಣದೊಡನೆ ಹೋದವರಲ್ಲೊಬ್ಬನು. ವಧುವು ಬುರಾಣಪುರವನ್ನು ಸೇರುವ ವೇಳೆಗೆ ವರನು ಮದ್ಯಕ್ಕೆ ಸಂಪೂರ್ಣ ಅಧೀನನಾಗಿದ್ದನು. ಅಕಬರನು ನಿಷೇಧದ ಆಜ್ಞೆಯನ್ನು ಕಳುಹಿಸಿದನು. ದಾನಿಯಾಲನ ಇನ್ನೊಬ್ಬ ಹೆಂಡತಿಯ ತಂದೆಯಾದ ಅಬ್ದುರ್ರಹೀಮನೇ, ಎಂದರೆ ಬಾಬರನ ಗ್ರಂಥವನ್ನು ಭಾಷಾಂತರಿಸಿದವನೇ, ಅಳಿಯನ ಸುತ್ತ ಕಾವಲನ್ನಿಟ್ಟನು. ದಾನಿಯಾಲನು ತನ್ನ ಕೋವಿಕಾರನಾದ ಮುರ್ಷಿದ್ ಕುಲಿಯನ್ನು ಅಳುತ್ತ ಬೇಡಿಕೊಂಡನು. ಅವನ ಬಳಿ ಒಂದು ಅಚ್ಚುಮೆಚ್ಚಿನ ಬೇಟೆಯ ಕೋವಿಯಿತ್ತು. ಅದರ ಗುಂಡು ತಾಗಿದುದು ಚಟ್ಟವನ್ನೇ ಸೇರುವುದೆಂಬ ಅರ್ಥದ ಹೆಸರನ್ನು ಅವನೇ ಅದಕ್ಕೆ ಇಟ್ಟಿದ್ದನು. ಸೇವಕನು ಆ ಕೋವಿಯ ನಳಿಗೆಯಲ್ಲಿ ಎರಡು ಸಲ ಬಟ್ಟಿಯಿಳಿಸಿದ ಅರಕನ್ನು ತುಂಬಿಕೊಂಡು ಕಾವಲನ್ನು ದಾಟಿ ತಂದನು. ನಳಿಗೆಯೊಳಗಿನ ಮದ್ದಿನ ಕಿಟ್ಟವೂ ತುಕ್ಕೂ ಅರಕಿನ ತೀಕ್ಷ್ಣತೆಗೆ ಕರಗಿ ಅದರಲ್ಲಿ ಬೆರೆತಿದ್ದವು. ಅದನ್ನು ಕುಡಿದು ಬಿದ್ದವನು ಮತ್ತೆ ಏಳಲಿಲ್ಲ. ಇದು ನಡೆದುದು ೧೬೦೫ರಲ್ಲಿ. ವಿಜಾಪುರದ ರಾಜಕುಮಾರಿಯು ಮದುವೆಯಾದ ಒಂದು ವರ್ಷದೊಳಗೆ ವಿಧವೆಯಾದಳು. ಎರಡು ರಾಜ್ಯಗಳನ್ನು ಬೆಸೆಯಬೇಕಾಗಿದ್ದ ಸಂಬಂಧವು ತುಕ್ಕು ಹಿಡಿದ ನಳಿಗೆಯಲ್ಲಿ ಕೊನೆಗಂಡಿತು. ಕಣಿವೆಕಣಿವೆಯ ಮದ್ಯವನ್ನು ಬೇರ್ಪಡಿಸಿ ಬಲ್ಲ ಬಾಬರನ ವಂಶದಲ್ಲಿ ನಾಲ್ಕನೆಯ ತಲೆಮಾರಿನ ಅಭಿರುಚಿಯು ಇಲ್ಲಿಗೆ ಬಂದಿತ್ತು.

ಈ ಕಥೆಯನ್ನು ಬರೆದಿಟ್ಟವನು ದಾನಿಯಾಲನ ಅಣ್ಣನಾದ ಜಹಾಂಗೀರನೇ. ಅದೇ ವರ್ಷ ಪಟ್ಟಕ್ಕೆ ಬಂದ ಅವನು ಹೊರಡಿಸಿದ ಹನ್ನೆರಡು ಶಾಸನಗಳಲ್ಲಿ, ಮದ್ಯವನ್ನಾಗಲಿ ಇತರ ಮಾದಕವಸ್ತುಗಳನ್ನಾಗಲಿ ಯಾರೂ ತಯಾರಿಸಬಾರದು, ಮಾರಬಾರದು ಎಂಬುದೂ ಒಂದು. ಅದನ್ನು ಬರೆಯುವಾಗಲೇ, ತಾನಾದರೋ ಹದಿನೆಂಟನೆಯ ವಯಸ್ಸಿನಿಂದ ಅಂದಿನವರೆಗೂ ಕುಡಿಯುತ್ತಿರುವೆನೆಂದು ಸೇರಿಸಲು ಅವನು ಹಿಂಜರಿಯಲಿಲ್ಲ. ಪ್ರಜೆಗಳಿಗೆ ನಿಷೇಧ, ಪ್ರಭುವಿಗೆ ಬಟ್ಟಲು. ಇಂತಹ ಶಾಸನದ ಫಲವೆಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಜಹಾಂಗೀರನ ಪಾನದ ಆರಂಭದ ಕಥೆಯನ್ನು ಅವನೇ ಹೇಳಿರುವನು. ಎಳೆತನದಲ್ಲಿ ಕೆಮ್ಮಿಗೆ ಔಷಧವೆಂದು ಒಂದು ತೊಲೆ ಅರಕನ್ನು ನೀರು ಪನ್ನೀರುಗಳಲ್ಲಿ ಬೆರೆಸಿ ಕೊಟ್ಟುದುಂಟು. ಅದನ್ನು ಬಿಟ್ಟರೆ ಹದಿನೈದರವರೆಗೆ ಅವನು ಕುಡಿದಿರಲಿಲ್ಲ. ಅನಂತರ ಅಕಬರನ ದಂಡು ಅಟಕದ ಬಳಿ ಸಿಂಧೂತೀರದಲ್ಲಿ ಇಳಿದಿದ್ದಾಗ, ಒಂದು ದಿನ ಬೇಟೆಯಾಡಿ ಬಳಲಿ ಬಂದ ರಾಜಕುಮಾರನಿಗೆ ಒಬ್ಬ ಫಿರಂಗಿಕಾರನು, ಒಂದು ಬಟ್ಟಲು ಕುಡಿದರೆ ದಣಿವೆಲ್ಲ ಹೋಗುವುದೆಂದು ಹೇಳಿದನು. ಹಕೀಮ್ ಅಲಿಯ ಮನೆಯಿಂದ ಸಣ್ಣದೊಂದು ಸೀಸೆಯಲ್ಲಿ ಒಂದೂವರೆ ಬಟ್ಟಲಿನಷ್ಟು ಹಳದಿ ಬಣ್ಣದ, ಸಿಹಿಯಾದ ದ್ರಾಕ್ಷಾಮದ್ಯವು ಬಂದಿತು. ಕುಡಿದನು, ಹಿತವೆನಿಸಿತು. ದಿನದಿನಕ್ಕೆ ಹೆಚ್ಚುತ್ತ ಹೋಗಿ ದ್ರಾಕ್ಷಾಮದ್ಯವು ಅಮಲನ್ನೇ ಕೊಡದಾಯಿತು. ಆಗ ಅರಕಿಗೆ ತೊಡಗಿದನು. ಒಂಬತ್ತು ವರ್ಷಗಳಲ್ಲಿ ಎರಡು ಸಲ ಬಟ್ಟಿಯಿಳಿಸಿದ ಅರಕಿನ ೨೦ ಬಟ್ಟಲುಗಳಿಗೆ ಏರಿದನು: ಹಗಲು ೧೪, ರಾತ್ರಿ ೬. ಇದರ ತೂಕ ಹಿಂದುಸ್ಥಾನದ ೬ ಸೇರು. ಆಹಾರವೆಂದರೆ ಒಂದು ಕೋಳಿ, ರೊಟ್ಟಿ, ಮೂಲಂಗಿ. ಕೈನಡುಕವು ಹೆಚ್ಚಿ ಬಟ್ಟಲನ್ನು ಹಿಡಿಯಲಾರದೆ, ಬೇರೆಯವರು ಹಿಡಿದು ಕುಡಿಸಬೇಕಾಯಿತು. ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಆಗ ಅವನು ಹಕೀಮ್ ಹುಮಾಮನನ್ನು ಕರೆಯಿಸಿದನು. ಹುಮಾಮನು ಮುಖಸ್ತುತಿಯನ್ನು ಬಿಟ್ಟು, ಹೀಗೆಯೇ ನಡೆದರೆ ಇನ್ನಾರು ತಿಂಗಳಲ್ಲಿ ರೋಗವು ಚಿಕಿತ್ಸೆಗೆ ಮೀರುವುದೆಂದು ಸ್ಪಷ್ಟವಾಗಿ ಹೇಳಿದನು. ಜೀವದ ಮೇಲಿನ ಆಸೆಯಿಂದ ಜಹಾಂಗೀರನು ಇಳಿಸತೊಡಗಿದನು. ಎರಡು ಪಾಲು ದ್ರಾಕ್ಷಾಮದ್ಯಕ್ಕೆ ಒಂದು ಪಾಲು ಅರಕಿನಂತೆ ಬೆರಕೆಮಾಡಿಸಿದನು. ಏಳು ವರ್ಷಗಳಲ್ಲಿ ೨೦ ಬಟ್ಟಲುಗಳು ೬ಕ್ಕೆ ಇಳಿದವು. ಒಂದೊಂದು ಬಟ್ಟಲಿನ ತೂಕ ೧೮¼ ಮಿಸ್ಕಾಲು. ಹಗಲು ಕುಡಿಯುವುದನ್ನು ಬಿಟ್ಟನು. ಶುಕ್ರವಾರದ ಹಿಂದಿನ ರಾತ್ರಿಯೂ ಕುಡಿಯುತ್ತಿರಲಿಲ್ಲ. ಅದಕ್ಕೆ ಬದಲಾಗಿ ಮೊದಲು ಒಂದು ಮಾದಕ ಲೇಹ್ಯ, ಆಮೇಲೆ ಅಫೀಮು ಸೇರಿದವು: ಹಗಲು ೮ ಗುಲಗಂಜಿ, ರಾತ್ರಿ ೬ ಗುಲಗಂಜಿ. ಇಷ್ಟು ಪ್ರಾಂಜಲವಾದ ಲೆಕ್ಕವನ್ನು ಬೇರೆ ಯಾವ ಅರಸನು ಬರೆದಿಟ್ಟಿರುವನೋ ಕಾಣೆ. ಕೈಗೂಡಿದ ಸಂಯಮವೂ ಅಲ್ಪವಲ್ಲ. ಆದರೆ ಅವನು ಕಲಿತ ಪಾಠವು ಬೆರಕೆಯ ಪಾಠ, ಅಳತೆಯ ಪಾಠ, ಬಿಡುವ ಪಾಠವಲ್ಲ.

ಬಿಡುವ ಪಾಠವು ಅವನ ಕಣ್ಣಿಗೆ ಬಿದ್ದಿರಲಿಲ್ಲವೇ? ೧೬೦೭ರಲ್ಲಿ ಕಾಬುಲಿಗೆ ಹೋದಾಗ ಬಾಬರನು ಸ್ವಹಸ್ತದಿಂದ ಬರೆದ ಆತ್ಮವೃತ್ತದ ಪ್ರತಿಯನ್ನು ಅವನು ಓದಿದನು. ಅದಕ್ಕೆ ತನ್ನ ಕೈಯಿಂದ ತುರ್ಕಿಯಲ್ಲಿ ಒಂದು ವಾಕ್ಯವನ್ನೂ ಬರೆದು ಸೇರಿಸಿದನು. ಕಾಬುಲಿನ ಬಳಿಯ ಬೆಟ್ಟದ ಇಳಿಜಾರಿನಲ್ಲಿ ಬಾಬರನು ಕುಳಿತು ಕುಡಿಯುತ್ತಿದ್ದ ಕಲ್ಲಿನ ಪೀಠವಿತ್ತು. ಪಕ್ಕದಲ್ಲಿ ಸುಮಾರು ಎರಡು ಮಣ ಮದ್ಯ ಹಿಡಿಯುವ ಕಲ್ಲಿನ ಕುಣಿಯಿತ್ತು. ಜಹಾಂಗೀರನು ಅದಕ್ಕೆ ಸರಿಯಾಗಿ ಇನ್ನೊಂದು ಪೀಠವನ್ನೂ ಇನ್ನೊಂದು ಕು�ಣಿಯನ್ನೂ ಕೊರೆಯಿಸಿ ತನ್ನ ಹೆಸರನ್ನು ಕೆತ್ತಿಸಿದನು. ಅಲ್ಲಿ ಕುಳಿತ ದಿನಗಳಲ್ಲಿ ಎರಡು ಕುಣಿಗಳನ್ನೂ ತುಂಬಿಸಿ ಪರಿವಾರಕ್ಕೆ ಹಂಚಿಸಿದನು. ಸಿಕ್ರಿಯ ಬಾವಿಯೂ ಅವನ ರಾಜ್ಯದಲ್ಲಿಯೇ ಇದ್ದಿತು. ಮುತ್ತಜ್ಜನ ಸ್ಮಾರಕಗಳಲ್ಲಿ ಅವನು ಆರಿಸಿಕೊಂಡುದು ಕುಣಿಯನ್ನು. ಓದಿದವನು ತನಗೆ ಬೇಕಾದುದನ್ನೇ ಗ್ರಂಥದಿಂದ ತೆಗೆದುಕೊಳ್ಳುವನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೧೬೧೬ರ ಜನವರಿಯಲ್ಲಿ ಮಗನಾದ ಖುರ್ರಮನಿಗೆ ೨೪ ವರ್ಷ ತುಂಬಿ ತುಲಾಭಾರವಾಯಿತು. ಅಲ್ಲಿಯವರೆಗೆ ಖುರ್ರಮನು ಮದ್ಯವನ್ನು ಮುಟ್ಟಿರಲಿಲ್ಲ. ತಂದೆಯು, ಅರಸರೂ ಅರಸುಮಕ್ಕಳೂ ಕುಡಿದೇ ಇರುವರು, ಹಬ್ಬದ ದಿನಗಳಲ್ಲಿ ಮಿತವಾಗಿ ಕುಡಿಯಬೇಕೆಂದು ಬೋಧಿಸಿ, ಮಿತಪಾನವನ್ನು ಮೆಚ್ಚುವ ಇಬ್ನ್ ಸೀನಾನ ಪದ್ಯವನ್ನೂ ಉದಾಹರಿಸಿ, ಬಹಳ ಒತ್ತಾಯದಿಂದ ಕುಡಿಸಿದನು. ತನ್ನ ಇಪ್ಪತ್ತು ಬಟ್ಟಲುಗಳ ಕಥೆಯನ್ನು ಅವನು ಬರೆದಿರುವುದು ಇದೇ ಪ್ರಸಂಗದಲ್ಲಿ. ಫರ್ಗಾನಾದ ಹುಡುಗನು ತಂದೆಯ ಕೈಯಿಂದ ತಪ್ಪಿಸಿಕೊಂಡುದನ್ನು ಓದಿದ ವಾಚಕನಿಗೆ ಈ ಚಿತ್ರವು ವ್ಯಥೆಯನ್ನುಂಟುಮಾಡುವುದು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಬಾದಶಹನ ಹುಟ್ಟುಹಬ್ಬದ ದಿನ, ಅಜಮೀರದಲ್ಲಿದ್ದ ಆಂಗ್ಲ ರಾಯಭಾರಿ ಸರ್ ಥಾಮಸ್ ರೋ ಎಂಬವನಿಗೆ ರತ್ನಖಚಿತವಾದ ಬಂಗಾರದ ಬಟ್ಟಲಿನಲ್ಲಿ ಬೆರಕೆಯ ಮದ್ಯವು ದೊರೆಯಿತು. ಅಂತಹ ತೀಕ್ಷ್ಣವಾದುದನ್ನು ಎಂದೂ ಕುಡಿದಿರದ ರೋ ಸಾಹೇಬನು ಸೀನಿದನು, ಬಾದಶಹನು ನಕ್ಕನು. ಅವನೇ ಇನ್ನೊಂದು ಸಂಗತಿಯನ್ನು ಬರೆದಿರುವನು. ಒಂದು ರಾತ್ರಿ ಬಾದಶಹನು ಅಮಲಿನಲ್ಲಿ ತನ್ನ ಸರದಾರರಿಗೆ ಕುಡಿಯಲು ಆಜ್ಞೆಮಾಡಿದನು. ಬೆಳಗಾದ ಮೇಲೆ ಆ ಆಜ್ಞೆಯು ಅವನಿಗೆ ನೆನಪಿರಲಿಲ್ಲ. ಕುಡಿದವರನ್ನೆಲ್ಲ ಅಪರಾಧಿಗಳೆಂದು ಎಣಿಸಿ ಕೆಲವರಿಗೆ ದಂಡ ಹಾಕಿಸಿದನು, ಕೆಲವರನ್ನು ಚಾವಟಿಯಿಂದ ಹೊಡೆಯಿಸಿದನು. ಬಾಬರನ ಮರೆವು ಅವನ ಕುದುರೆಯೊಂದನ್ನೇ ಅಪಾಯಕ್ಕೀಡುಮಾಡಿತ್ತು. ಜಹಾಂಗೀರನ ಮರೆವಿಗೆ ಬೇರೆಯವರ ಬೆನ್ನು ಬಲಿಯಾಯಿತು.

೧೬೨೧ರ ಬೇನೆಯಲ್ಲಿ ನೂರ್ ಜಹಾನಳು ಮೆಲ್ಲಮೆಲ್ಲನೆ ಬಟ್ಟಲುಗಳನ್ನು ಕಡಿಮೆಮಾಡಿದಳೆಂದೂ, ಅವಳ ಅನುಭವವು ಹಕೀಮರ ವಿದ್ಯೆಗಿಂತ ಮಿಗಿಲೆಂದೂ ಜಹಾಂಗೀರನು ಕೃತಜ್ಞತೆಯಿಂದ ಬರೆದನು. ೧೬೨೭ರ ಅಕ್ಟೋಬರಿನಲ್ಲಿ, ಕಾಶ್ಮೀರದಿಂದ ಹಿಂದಿರುಗುವ ದಾರಿಯಲ್ಲಿ, ಅವನ ಅಂತ್ಯವು ಒದಗಿತು. ನಲವತ್ತು ವರ್ಷ ಜೊತೆಯಾಗಿದ್ದ ಅಫೀಮು ಆಗಲೇ ಸೇರದಾಗಿತ್ತು. ಕೆಲವು ಬಟ್ಟಲು ದ್ರಾಕ್ಷಾಮದ್ಯವೊಂದೇ ಉಳಿದಿತ್ತು. ಕೊನೆಗೊಮ್ಮೆ ಬಟ್ಟಲನ್ನು ಕೇಳಿ ತುಟಿಗಿಟ್ಟುಕೊಂಡನು. ಗುಟುಕು ಗಂಟಲಿನಲ್ಲಿಳಿಯಲಿಲ್ಲವೆಂದು ಅವನ ಚರಿತ್ರಕಾರ ಮುತಮಿದ್ ಖಾನನು ಹೇಳುವನು.

ಇತ್ತ ಒತ್ತಾಯದಿಂದ ಕುಡಿದ ಖುರ್ರಮನ ಗತಿಯೇನಾಯಿತು? ೧೬೨೧ರಲ್ಲಿ ಅವನು ದಕ್ಷಿಣದ ದಂಡಯಾತ್ರೆಗೆ ಹೊರಟು ಚಂಬಲ್ ನದಿಯ ತೀರಕ್ಕೆ ಬಂದಾಗ, ಅವನ ಚಾಂದ್ರಮಾನದ ಮೂವತ್ತನೆಯ ಹುಟ್ಟುಹಬ್ಬವು ಬಂದಿತು. ಬಾಬರನ ಪ್ರತಿಜ್ಞೆಯನ್ನು ಸ್ಮರಿಸಿ ಅವನು ಮದ್ಯವನ್ನೆಲ್ಲ ಹೊಳೆಗೆ ಸುರಿಸಿದನು. ಬಟ್ಟಲುಗಳನ್ನು ಒಡೆಯಿಸಿ ಬಡವರಿಗೆ ಹಂಚಿಸಿದನು. ಬಾಬರನು ಈಚಲ ಹೆಂಡವನ್ನು ಪರೀಕ್ಷಿಸಿ ಬೇಡವೆಂದುದು ಅದೇ ನದಿಯ ಸೀಮೆಯಲ್ಲಿ. ತಂದೆ ಓದಿದ ಗ್ರಂಥವನ್ನೇ ಮಗನೂ ಬಲ್ಲವನಾಗಿದ್ದನು. ಮಗನು ಅದರಿಂದ ಬೇರೊಂದು ಪುಟವನ್ನು ಆರಿಸಿಕೊಂಡನು. ಈ ಖುರ್ರಮನೇ ಮುಂದೆ ಶಹಜಹಾನನೆನಿಸಿದವನು.

ಆರಂಭದ ಪ್ರಶ್ನೆಗೆ ಈಗ ಹಿಂದಿರುಗಬಹುದು. ಅಭಿರುಚಿಯು ಮಿತಿಯನ್ನು ತರುವುದೇ? ಈ ಎರಡು ಗ್ರಂಥಗಳ ಸಾಕ್ಷ್ಯವು ಇಲ್ಲವೆಂದೇ ಹೇಳುವುದು. ಬಾಬರನ ಸೂಕ್ಷ್ಮವಾದ ನಾಲಗೆಯು ಅವನನ್ನು ಝೇಲಂ ದಂಡೆಯಲ್ಲಿ ಕಾಯಲಿಲ್ಲ. ಹಕೀಮ್ ಅಲಿಯ ಮನೆಯ ಹಳದಿ ಮದ್ಯವು ಕೀಳಾದುದಾಗಿರಲಿಲ್ಲ. ಅದರಿಂದಲೇ ಆರಂಭವಾದ ದಾರಿಯು ಇಪ್ಪತ್ತು ಬಟ್ಟಲುಗಳಿಗೆ ಹೋಯಿತು. ಅವರನ್ನು ಕಾಯ್ದುದು ಬೇರೆ ಸಂಗತಿಗಳು: ಹೆರಾತಿನಲ್ಲಿ ಹಿರಿಯನಿಗೆ ನೋವಾದೀತೆಂಬ ಅಂಜಿಕೆ, ಸಿಕ್ರಿಯಲ್ಲಿ ಸಾವಿರಾರು ಜನರೆದುರಿಗೆ ಆಡಿದ ಮಾತು, ಮುಖಸ್ತುತಿ ಮಾಡದ ಒಬ್ಬ ವೈದ್ಯ, ಬಟ್ಟಲನ್ನು ಕಡಿಮೆಮಾಡುವ ಧೈರ್ಯವಿದ್ದ ಒಬ್ಬ ಹೆಂಡತಿ. ಇವೆಲ್ಲವೂ ಮನುಷ್ಯನಿಗೆ ಇತರರಿಂದ ಒದಗುವ ಸಹಾಯಗಳು. ದಾನಿಯಾಲನಿಗೂ ಕಾವಲಿದ್ದಿತು, ಆದರೆ ಅವನ ಒಲವು ಕಾವಲಿನವರ ಕಡೆಗಿರಲಿಲ್ಲ, ಕೋವಿಯನ್ನು ತಂದವನ ಕಡೆಗಿತ್ತು.

ಇನ್ನೊಂದು ಮಾತು. ಈ ಅರಸರಿಬ್ಬರೂ ತಮ್ಮ ತಪ್ಪುಗಳನ್ನು ಮುಚ್ಚದೆ ಬರೆದಿಟ್ಟುದರಿಂದಲೇ ನಾವು ಇಷ್ಟನ್ನು ತಿಳಿಯಲು ಸಾಧ್ಯವಾಯಿತು. ಮನೆಯಲ್ಲಿ ಹಿರಿಯರ ಇಂತಹ ಸಂಗತಿಗಳನ್ನು ಮಕ್ಕಳಿಂದ ಮರೆಸುವುದೇ ಮರ್ಯಾದೆಯೆಂದು ನಾವು ಭಾವಿಸುವೆವು. ಬಾಬರನೂ ಹಾಗೆ ಭಾವಿಸಿದ್ದರೆ, ಚಂಬಲ್ ತೀರದಲ್ಲಿ ಖುರ್ರಮನಿಗೆ ನೆನೆಯಲು ಏನೂ ಇರುತ್ತಿರಲಿಲ್ಲ.